ಪಾರ್ಶ್ವವಾಯು ಚಿಕಿತ್ಸೆಯ ಇತಿಹಾಸದಲ್ಲಿ ಯಂತ್ರಬುದ್ಧಿಯ ಸ್ಥಾನ

ಇಂಗ್ಲಿಷರು ‘ಸ್ಟ್ರೋಕ್’ ಎಂದು ಕರೆಯುವ ವ್ಯಾಧಿಗೆ ಕನ್ನಡದಲ್ಲಿ ಹೆಸರುಗಳು ಹಲವು. ಪಂಡಿತರು ಅದನ್ನು ಪಕ್ಷಾಘಾತವೆಂದರು. ಗ್ರಂಥಭಾಷೆಯಲ್ಲಿ ಪಾರ್ಶ್ವವಾಯುವೆಂಬ ಮಾತು ನೆಲೆನಿಂತಿತು. ಜನರ ಬಾಯಲ್ಲಿ ‘ಲಕ್ವ ಹೊಡೆಯಿತು’ ಎಂಬುದೇ ರೂಢಿ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇದರ ವರ್ಣನೆ ಬರುವುದು ವಾತವ್ಯಾಧಿಗಳ ಅಧ್ಯಾಯದಲ್ಲಿ. ಪಾರ್ಶ್ವವಾಯು ಎಂಬ ಪದದೊಳಗಿನ ‘ವಾಯು’ ಆ ಸಿದ್ಧಾಂತದ ಕುರುಹಾಗಿ ಉಳಿದಿದೆ. ಲಕ್ವವೆಂಬುದು ಅರಬ್ಬೀ ಮೂಲದ ಮಾತು. ಯುನಾನಿ ವೈದ್ಯದಲ್ಲಿ ಅದಕ್ಕೆ ಮುಖ ಸೊಟ್ಟಗಾಗುವ ವ್ಯಾಧಿಯೆಂದು ಅರ್ಥ. ಈ ಹೆಸರುಗಳೆಲ್ಲ ನೋಡುವವನ ಕಣ್ಣಿಗೆ ಬಿದ್ದ ಚಿಹ್ನೆಯನ್ನು ಹಿಡಿದು ಹುಟ್ಟಿದವು: ಶರೀರದ ಒಂದು ಪಕ್ಕ ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ನಾಲಿಗೆ ತೊದಲಿತು. ವ್ಯಾಧಿಯ ನಿಜವಾದ ನೆಲೆ ಮೆದುಳು ಎಂಬ ಸಂಗತಿಯನ್ನು ಇವುಗಳಲ್ಲಿ ಒಂದು ಹೆಸರೂ ಸೂಚಿಸುವುದಿಲ್ಲ.

ಹೆಸರಿನ ಈ ಕೊರತೆ ಭಾಷೆಯ ದೋಷವಲ್ಲ. ಹೊರಗೆ ಒಂದೇ ರೂಪದಲ್ಲಿ ಕಾಣುವ ಈ ಆಘಾತದ ಒಳಗೆ ಪರಸ್ಪರ ವಿರುದ್ಧವಾದ ಎರಡು ವ್ಯಾಧಿಗಳು ಅಡಗಿವೆ. ಮೆದುಳಿಗೆ ರಕ್ತವನ್ನು ಒಯ್ಯುವ ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಂಡು ಆಚೆಯ ಭಾಗ ರಕ್ತವಿಲ್ಲದೆ ಸಾಯುವುದು ಒಂದು. ರಕ್ತನಾಳವೇ ಒಡೆದು ಮೆದುಳಿನೊಳಗೆ ರಕ್ತ ಸುರಿಯುವುದು ಇನ್ನೊಂದು. ಮೊದಲನೆಯದಕ್ಕೆ ಹೆಪ್ಪನ್ನು ಕರಗಿಸುವ ಔಷಧಿ ಬೇಕು. ಅದೇ ಔಷಧಿ ಎರಡನೆಯದರಲ್ಲಿ ಪ್ರಾಣವನ್ನೇ ತೆಗೆಯಬಹುದು. ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯನು ಎಷ್ಟೇ ಅನುಭವಿಯಾಗಿರಲಿ, ಕೈಕಾಲು ಮುಟ್ಟಿ, ನಾಡಿ ಹಿಡಿದು ಇವೆರಡನ್ನು ನಿಶ್ಚಯವಾಗಿ ಬೇರ್ಪಡಿಸಲಾರನು. ಆದುದರಿಂದ ಪಾರ್ಶ್ವವಾಯು ಚಿಕಿತ್ಸೆಯ ಇತಿಹಾಸವನ್ನು, ಈ ಎರಡನ್ನು ಬೇರ್ಪಡಿಸಿ ತಿಳಿಯುವ ಪ್ರಯತ್ನದ ಇತಿಹಾಸವೆಂದರೆ ತಪ್ಪಾಗದು. ಈಚಿನ ವರ್ಷಗಳಲ್ಲಿ ಆ ಪ್ರಯತ್ನಕ್ಕೆ ಕೃತಕ ಬುದ್ಧಿಮತ್ತೆಯೆಂಬ ಗಣಕಯಂತ್ರವಿದ್ಯೆ ಬಂದು ಸೇರಿದೆ. ಅದರ ಒಂದು ಮುಖ್ಯ ಅಧ್ಯಾಯ ಮುಂಬಯಿಯಲ್ಲಿಯೇ ನಡೆಯಿತು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಜನಕ್ಕೆ ಅದರಿಂದ ಆಗಬಹುದಾದ ಪ್ರಯೋಜನವೇನು, ಆಗಲಾರದ್ದೇನು ಎಂಬುದು ವಿಚಾರಾರ್ಹವಾಗಿದೆ.

ಸ್ವಿಟ್ಜರ್ಲೆಂಡಿನ ಷಾಫ್‌ಹೌಸೆನ್ ನಗರದ ವೈದ್ಯ ಯೋಹಾನ್ ಯಾಕೋಬ್ ವೆಪ್‌ಫರನು 1658ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಠಾತ್ತಾಗಿ ಬಿದ್ದು ಸತ್ತವರ ಶವಚ್ಛೇದನ ಪರೀಕ್ಷೆಯಿಂದ ಮೆದುಳಿನ ರಕ್ತಸ್ರಾವವನ್ನು ತೋರಿಸಿಕೊಟ್ಟನು. ಅದು ದೊಡ್ಡ ಶೋಧವೇ ಆದರೂ, ಆ ಜ್ಞಾನ ದೊರೆಯುತ್ತಿದ್ದುದು ರೋಗಿ ಸತ್ತ ಮೇಲೆ. 1895ರಲ್ಲಿ ರಾಂಟ್ಜೆನ್ನನ ಕ್ಷಕಿರಣ ಬಂದಿತು. ಅದು ತಲೆಯೋಡನ್ನು ತೋರಿಸಿತೇ ಹೊರತು ಒಳಗಿನ ಮೃದುವಾದ ಮೆದುಳನ್ನು ತೋರಿಸಲಿಲ್ಲ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಎಂಬಾತನು ಧಮನಿಗೆ ಔಷಧಿ ತುಂಬಿ ಮೆದುಳಿನ ರಕ್ತನಾಳಗಳ ಚಿತ್ರವನ್ನು ತೆಗೆದನು. ಭಾರತದಲ್ಲಿ 1949ರಲ್ಲಿ ಡಾ. ಜೇಕಬ್ ಚಾಂಡಿಯವರು ವೆಲ್ಲೂರಿನಲ್ಲಿ ನರಶಸ್ತ್ರವೈದ್ಯದ ವಿಭಾಗವನ್ನು ತೆರೆದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿ, 1974ರಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಇಷ್ಟೆಲ್ಲ ನಡೆದರೂ ಸಾಮಾನ್ಯ ರೋಗಿಯ ತಲೆಯೊಳಗೆ ಹೆಪ್ಪಿದೆಯೋ ಸ್ರಾವವಿದೆಯೋ ಎಂಬುದು ಬಹುಮಟ್ಟಿಗೆ ಊಹೆಯ ವಿಷಯವಾಗಿಯೇ ಇದ್ದಿತು.

ಈ ಊಹೆಗೆ ಕೊನೆ ಹಾಡಿದುದು ಸಿ.ಟಿ. ಯಂತ್ರ. ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರನು ರೂಪಿಸಿದ ಈ ಯಂತ್ರದಿಂದ, ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ಮೆದುಳಿನ ಚಿತ್ರವನ್ನು ತೆಗೆಯಲಾಯಿತು. ಈ ಕಾರ್ಯಕ್ಕಾಗಿ ಆತನಿಗೂ, ಇದರ ಗಣಿತವನ್ನು ಬೇರೆಯಾಗಿ ಸಾಧಿಸಿದ್ದ ಅಲನ್ ಕಾರ್ಮಾಕ್ ಎಂಬಾತನಿಗೂ 1979ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ಸಿ.ಟಿ. ಚಿತ್ರವು ಚಿತ್ರದಂತೆ ಕಂಡರೂ ವಸ್ತುತಃ ಅದೊಂದು ಅಂಕೆಗಳ ಕೋಷ್ಟಕ. ನೀರಿಗೆ ಸೊನ್ನೆ, ಗಾಳಿಗೆ ಋಣ 1000 ಎಂದು ಅಳತೆಯನ್ನು ನಿಗದಿಮಾಡಿದರೆ, ಮೆದುಳಿನ ಅಂಗಾಂಶ 30-40ರ ಸುಮಾರಿಗೆ, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60-80ರ ಸುಮಾರಿಗೆ ಬರುತ್ತದೆ. ಹೀಗಾಗಿ ಸೋರಿದ ರಕ್ತವು ಬೂದುಬಣ್ಣದ ಮೆದುಳಿನ ನಡುವೆ ಬೆಳ್ಳಗೆ ಎದ್ದು ಕಾಣುವುದು. ಧಮನಿ ಕಟ್ಟಿಕೊಂಡ ರೋಗಿಯ ಚಿತ್ರವಾದರೋ ಮೊದಲ ಕೆಲವು ತಾಸುಗಳಲ್ಲಿ ಸಹಜವಾಗಿಯೇ ಇರುವಂತೆ ತೋರಬಹುದು. ಸ್ರಾವವಿಲ್ಲವೆಂಬುದೇ ಅಲ್ಲಿ ಮುಖ್ಯವಾದ ತಿಳಿವಳಿಕೆ. ಚಿತ್ರವು ಅಂಕೆಗಳಿಂದಾದುದೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಯಂತ್ರವು ಅದನ್ನು ಓದಲು ಕಲಿತದ್ದು ಇದರಿಂದಲೇ.

ಸಿ.ಟಿ. ಬಂದ ಮೇಲೂ ಸುಮಾರು ಕಾಲು ಶತಮಾನದವರೆಗೆ ಅವಸರಕ್ಕೆ ಅಷ್ಟಾಗಿ ಕಾರಣವಿರಲಿಲ್ಲ. ತಿಳಿದರೂ ಮಾಡಬಹುದಾದುದು ಅಲ್ಪ. 1995ರ ಡಿಸೆಂಬರಿನಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಆ ಸ್ಥಿತಿಯನ್ನು ಬದಲಿಸಿತು. ಆಘಾತವಾದ 3 ತಾಸುಗಳೊಳಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟರೆ ಅಂಗವೈಕಲ್ಯ ತಗ್ಗುವುದೆಂದು ಅದು ತೋರಿಸಿತು. 2008ರಲ್ಲಿ ಯೂರೋಪಿನ ಪ್ರಯೋಗದಿಂದ ಈ ಅವಧಿ ನಾಲ್ಕೂವರೆ ತಾಸಿಗೆ ಬೆಳೆಯಿತು. 2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು, ದೊಡ್ಡ ಧಮನಿಯಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ತೊಡೆಯ ರಕ್ತನಾಳದ ಮೂಲಕ ನಳಿಕೆ ಹಾಯಿಸಿ ಎಳೆದು ತೆಗೆಯುವ ವಿಧಾನವನ್ನು ಸ್ಥಿರಪಡಿಸಿದವು. ದೊಡ್ಡ ಧಮನಿ ಕಟ್ಟಿದಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುವುವೆಂದು ಜೆಫ್ರಿ ಸೇವರ್ ಎಂಬ ವೈದ್ಯನು 2006ರಲ್ಲಿ ಲೆಕ್ಕಹಾಕಿ ತೋರಿಸಿದ್ದನು. ಅಂದಿನಿಂದ ಪಾರ್ಶ್ವವಾಯುವಿನ ವೈದ್ಯಕ್ಕೆ ಗಡಿಯಾರವೇ ಯಜಮಾನನಾಯಿತು.

ಗಡಿಯಾರವು ಯಜಮಾನನಾದಾಗ ಊರಿನ ರಚನೆಯೂ ವೈದ್ಯದ ವಿಷಯವಾಗುತ್ತದೆ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿತು. ಮರುವರ್ಷದ ಮೇ 1ರಂದು ಆ ಮಾರ್ಗ ಕಲ್ಯಾಣವನ್ನು ಮುಟ್ಟಿತು. ಕಲ್ಯಾಣದಲ್ಲಿ ಹಳಿ ಕವಲೊಡೆದು ಒಂದು ಕಸಾರಾ ಕಡೆಗೂ ಒಂದು ಕರ್ಜತ್ ಕಡೆಗೂ ಹೋಗುವುದು. 1970ರ ಮಾರ್ಚ್ 17ರಂದು ಸ್ಥಾಪಿತವಾದ ಸಿಡ್ಕೋ ಸಂಸ್ಥೆ ಕೊಲ್ಲಿಯಾಚೆ ನವಿ ಮುಂಬಯಿಯನ್ನು ಕಟ್ಟಿತು. ಈ ಊರುಗಳು ಬೆಳೆದುದೆಲ್ಲ ಬೆಳಿಗ್ಗೆ ಮುಂಬಯಿಗೆ ಹೋಗಿ ರಾತ್ರಿ ಹಿಂತಿರುಗುವ ಜನರಿಂದ. ದುಡಿಮೆಯ ಪ್ರವಾಹ ಹೋದ ದಿಕ್ಕಿಗೇ ರೋಗಿಯೂ ಹೋಗುತ್ತಿದ್ದನು. ಕಠಿಣ ವ್ಯಾಧಿಯೆಂದರೆ ಶೀವ್ ಅಥವಾ ಪರೇಲಿನ ದೊಡ್ಡ ಆಸ್ಪತ್ರೆ ಎಂಬುದು ಬಹುಕಾಲದ ರೂಢಿಯಾಗಿದ್ದಿತು. ಕಳವೆಯಲ್ಲಿ ಠಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯಲ್ಲಿ ನಗರಪಾಲಿಕೆಯ ಆಸ್ಪತ್ರೆ ಇವೆ. ಖಾಸಗಿ ಆಸ್ಪತ್ರೆಗಳೂ ಬಹಳವಾಗಿವೆ. 2014ರಿಂದ ಮಹಾರಾಷ್ಟ್ರದಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆಯೂ ನಡೆಯುತ್ತಿದೆ. ಆದರೂ ಈ ಸೀಮೆಯಲ್ಲಿ ದೂರವನ್ನು ಕಿಲೋಮೀಟರುಗಳಿಂದ ಅಳೆಯುವವರು ಇಲ್ಲ. ಎಷ್ಟು ಹೊತ್ತು ಹಿಡಿಯಿತು ಎಂಬುದೇ ಇಲ್ಲಿನ ಅಳತೆ.

ಮುಂಬಯಿಯಲ್ಲಿ ಈ ವ್ಯಾಧಿಯ ಪ್ರಮಾಣವೆಷ್ಟೆಂಬುದಕ್ಕೆ ಒಂದು ವಿಶ್ವಸನೀಯ ದಾಖಲೆಯುಂಟು. ಡಾ. ಪಿ. ಎಂ. ದಲಾಲರ ನೇತೃತ್ವದಲ್ಲಿ 2005 ಮತ್ತು 2006ರಲ್ಲಿ ನಗರದ ಎಚ್ ವಾರ್ಡಿನ ಸುಮಾರು 1,57,000 ಜನರ ನಡುವೆ ನಡೆದ ಗಣತಿಯಲ್ಲಿ, ಮೊದಲ ಬಾರಿಗೆ ಆಘಾತಕ್ಕೆ ಒಳಗಾದವರು 456 ಮಂದಿ ಕಂಡುಬಂದರು. ಅಂದರೆ ಲಕ್ಷಕ್ಕೆ ವರ್ಷವೊಂದಕ್ಕೆ 145. ಇವರಲ್ಲಿ ನೂರಕ್ಕೆ 80ರಷ್ಟು ಮಂದಿಗೆ ಧಮನಿ ಕಟ್ಟಿದ್ದರೆ, ಸುಮಾರು 18 ಮಂದಿಗೆ ರಕ್ತಸ್ರಾವವಾಗಿತ್ತು. 28 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ 30ರ ಹತ್ತಿರ. ಐವರಲ್ಲಿ ಒಬ್ಬನಿಗೆ ವಿಷವಾಗಬಹುದಾದ ಔಷಧಿಯನ್ನು ಚಿತ್ರವಿಲ್ಲದೆ ಯಾರಿಗೂ ಕೊಡುವಂತಿಲ್ಲವೆಂಬುದು ಈ ಅಂಕೆಗಳಿಂದ ಸ್ಪಷ್ಟ.

ಚಿತ್ರ ತೆಗೆಯುವ ಯಂತ್ರವಿದ್ದರೆ ಸಾಲದು, ಅದನ್ನು ಓದುವ ಕಣ್ಣೂ ಬೇಕು. ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಮಾಡಲು ತಂತ್ರಜ್ಞನಿದ್ದರೂ, ಓದಬಲ್ಲ ಕ್ಷಕಿರಣ ತಜ್ಞನು ಅದೇ ಕಟ್ಟಡದಲ್ಲಿ ಎಚ್ಚರವಾಗಿರುವನೆಂದು ಹೇಳಲಾಗದು. ಈ ಅಂತರವನ್ನು ದಾಟುವ ಮೊದಲ ಉಪಾಯಗಳಲ್ಲಿ ಒಂದು ಕನ್ನಡನಾಡಿನಲ್ಲಿಯೇ ರೂಪುಗೊಂಡಿತು. 2002ರಲ್ಲಿ ಡಾ. ಅರ್ಜುನ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿಯವರು ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಮೆರಿಕದ ರಾತ್ರಿ ಬೆಂಗಳೂರಿಗೆ ಹಗಲು. ಅಲ್ಲಿನ ಆಸ್ಪತ್ರೆಗಳಲ್ಲಿ ನಡುರಾತ್ರಿ ತೆಗೆದ ಚಿತ್ರಗಳನ್ನು ಇಲ್ಲಿನ ತಜ್ಞರು ಹಗಲು ಬೆಳಕಿನಲ್ಲಿ ಓದಿ ವರದಿ ಕಳುಹಿಸತೊಡಗಿದರು. ದೂರದಲ್ಲಿ ಕುಳಿತು ಓದುವ ವಿದ್ಯೆ ಭಾರತದಲ್ಲಿ ಹೀಗೆ ಪರದೇಶದ ರೋಗಿಗಳ ಸೇವೆಯಿಂದ ಬಲಗೊಂಡಿತೆಂಬುದು ಗಮನಾರ್ಹ ಸಂಗತಿ. ಆದರೆ ಓದುವವರು ಮನುಷ್ಯರೇ ಆದುದರಿಂದ, ಚಿತ್ರಗಳ ಸರದಿ ಬೆಳೆದಂತೆ ಕಾಯುವ ಹೊತ್ತೂ ಬೆಳೆಯುವುದು ಅನಿವಾರ್ಯ.

ಇಲ್ಲಿಗೆ ಯಂತ್ರಬುದ್ಧಿಯ ಪ್ರವೇಶ. ಮೆದುಳಿನ ನರಕೋಶವನ್ನು ಗಣಿತರೂಪಕ್ಕೆ ಇಳಿಸುವ ಪ್ರಯತ್ನವನ್ನು ಮ್ಯಾಕಲಕ್ ಮತ್ತು ಪಿಟ್ಸ್ ಎಂಬ ವಿದ್ವಾಂಸರು 1943ರಲ್ಲಿ ಮಾಡಿದ್ದರು. ಅಂಥ ಕೃತಕ ಕೋಶಗಳನ್ನು ಪದರಪದರವಾಗಿ ಹೆಣೆದ ಜಾಲವು ಚಿತ್ರಗಳನ್ನು ಗುರುತಿಸುವುದರಲ್ಲಿ 2012ರ ಸುಮಾರಿಗೆ ಅಪೂರ್ವ ಯಶಸ್ಸನ್ನು ಕಂಡಿತು. ನರಕೋಶದ ಅನುಕರಣೆಯಿಂದ ಹುಟ್ಟಿದ ವಿದ್ಯೆಯೇ ಕೊನೆಗೆ ನರಕೋಶದ ರಕ್ಷಣೆಗೆ ಬಂದಂತಾಯಿತು. 2016ರಲ್ಲಿ ಮುಂಬಯಿಯಲ್ಲಿ ಕ್ಯೂರ್ ಎಂಬ ಸಂಸ್ಥೆ ಪ್ರಾರಂಭವಾಯಿತು. ಅದರ ಸಂಶೋಧಕರಾದ ಶಶಾಂಕ ಚಿಲಂಕುರ್ತಿ, ಪ್ರಶಾಂತ ವಾರಿಯರ್ ಮೊದಲಾದವರ ಪ್ರಬಂಧ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇತಿಹಾಸದ ವಿದ್ಯಾರ್ಥಿಗೆ ಈ ಪ್ರಬಂಧದಲ್ಲಿ ಕುತೂಹಲಕರವಾದುದು ಅದರ ಆಧಾರಸಾಮಗ್ರಿ. 2011ರಿಂದ 2017ರ ನಡುವೆ ಭಾರತದ ಸುಮಾರು 20 ಕೇಂದ್ರಗಳಲ್ಲಿ ತೆಗೆದ 3,13,318 ತಲೆಯ ಸ್ಕ್ಯಾನುಗಳೂ, ಆಯಾ ಕಾಲದಲ್ಲಿ ತಜ್ಞರು ಅವುಗಳ ಮೇಲೆ ಬರೆದ ವರದಿಗಳೂ ಅದರ ಮೂಲ. ಯಂತ್ರಕ್ಕೆ ವೈದ್ಯಶಾಸ್ತ್ರದ ಸೂತ್ರಗಳನ್ನು ಯಾರೂ ಬೋಧಿಸಲಿಲ್ಲ. ಇದು ಸ್ರಾವ, ಇದು ಸ್ರಾವವಲ್ಲ ಎಂದು ಗುರುತು ಹಚ್ಚಿದ ಅಸಂಖ್ಯ ನಿದರ್ಶನಗಳನ್ನು ಅದರ ಮುಂದಿಡಲಾಯಿತು. ಅದು ತಪ್ಪಿದಾಗಲೆಲ್ಲ ಒಳಗಿನ ಅಂಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ ಹೋಗಿ, ಕೊನೆಗೆ ತಾನೇ ಭೇದವನ್ನು ಹಿಡಿಯಿತು. ಅರ್ಥಾತ್, ಹೆಸರು ಅಳಿಸಿದ ಲಕ್ಷಾಂತರ ರೋಗಿಗಳ ಹಳೆಯ ದಫ್ತರವೇ ಹೊಸ ಯಂತ್ರದ ಗುರು. ಅವರಲ್ಲಿ ಎಷ್ಟೋ ಮಂದಿ ಇಂದು ಬದುಕಿಲ್ಲದಿರಬಹುದು. ದಾಖಲೆಯನ್ನು ಶ್ರದ್ಧೆಯಿಂದ ಇಡುವುದು ಕೇವಲ ಕಚೇರಿಯ ಕೆಲಸವಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಕಷ್ಟ.

ಈ ಯಂತ್ರದ ಪರೀಕ್ಷೆ ಎರಡು ಸಂಗ್ರಹಗಳ ಮೇಲೆ ನಡೆಯಿತು: 21,095 ಸ್ಕ್ಯಾನುಗಳ ಒಂದು ದೊಡ್ಡ ಸಂಗ್ರಹ, ದೆಹಲಿಯ ಕೇಂದ್ರಗಳಿಂದ ಬೇರೆಯಾಗಿ ತಂದ 491 ಸ್ಕ್ಯಾನುಗಳ ಇನ್ನೊಂದು ಸಂಗ್ರಹ. ಎರಡನೆಯದನ್ನು ಮೂವರು ಹಿರಿಯ ತಜ್ಞರು ಸ್ವತಂತ್ರವಾಗಿ ಓದಿದ್ದರು. ರಕ್ತಸ್ರಾವವನ್ನು ಗುರುತಿಸುವಲ್ಲಿ ಯಂತ್ರಕ್ಕೆ ಮೊದಲನೆಯದರಲ್ಲಿ 0.92, ಎರಡನೆಯದರಲ್ಲಿ 0.94 ಅಂಕ ದೊರೆಯಿತು. ಸ್ರಾವವಿರುವ ಒಂದು ಚಿತ್ರವನ್ನೂ ಇಲ್ಲದಿರುವ ಒಂದು ಚಿತ್ರವನ್ನೂ ಕಣ್ಣುಮುಚ್ಚಿ ಆರಿಸಿ ಜೊತೆಯಾಗಿ ಕೊಟ್ಟರೆ, ನೂರು ಜೊತೆಗಳಲ್ಲಿ ಸುಮಾರು 94ರಲ್ಲಿ ಯಂತ್ರವು ಸ್ರಾವವಿರುವ ಚಿತ್ರಕ್ಕೇ ಹೆಚ್ಚು ಶಂಕೆಯ ಅಂಕವನ್ನು ಕೊಡುವುದು ಎಂದು ಇದರ ಅರ್ಥ. ಫಲಿತಾಂಶ ಶ್ಲಾಘ್ಯವೇ ಸರಿ. ಆದರೆ ಉಳಿದ ಆರು ಜೊತೆಗಳನ್ನು ಮರೆಯುವಂತಿಲ್ಲ. 7 ವರ್ಷಕ್ಕಿಂತ ಚಿಕ್ಕ ಮಕ್ಕಳ ಮತ್ತು ಶಸ್ತ್ರಚಿಕಿತ್ಸೆಯಾದವರ ಸ್ಕ್ಯಾನುಗಳನ್ನು ಈ ಅಭ್ಯಾಸದಿಂದ ಹೊರಗಿಟ್ಟಿದ್ದರು. ತಾನು ಕಾಣದ ಬಗೆಯ ಚಿತ್ರದ ವಿಷಯದಲ್ಲಿ ಯಂತ್ರದ ಮಾತಿಗೆ ಆಧಾರವಿರುವುದಿಲ್ಲ.

2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ದೊಡ್ಡ ಧಮನಿಯ ತಡೆಯನ್ನು ಪತ್ತೆಹಚ್ಚಿ ತಜ್ಞನ ದೂರವಾಣಿಗೆ ಸೂಚನೆ ಕಳುಹಿಸುವ ‘ವಿಜ್’ ಎಂಬ ಸಾಧನಕ್ಕೆ ಅನುಮತಿ ನೀಡಿತು. ಮುಂಬಯಿಯ ಸಂಸ್ಥೆಯ ಸಾಧನಕ್ಕೆ ಅದೇ ಆಡಳಿತದ ಅನುಮತಿ 2020ರಲ್ಲಿ ದೊರೆಯಿತು. ಆ ಅನುಮತಿಯ ಸ್ವರೂಪವನ್ನು ಸೂಕ್ಷ್ಮವಾಗಿ ನೋಡಬೇಕು. ರೋಗನಿರ್ಣಯದ ಅಧಿಕಾರವನ್ನು ಅದು ಯಂತ್ರಕ್ಕೆ ಕೊಟ್ಟಿಲ್ಲ. ಸರದಿಯಲ್ಲಿ ಕಾದಿರುವ ಚಿತ್ರಗಳಲ್ಲಿ ಶಂಕಾಸ್ಪದವಾದುದನ್ನು ಮುಂದಕ್ಕೆ ತರುವ ಅಧಿಕಾರವನ್ನಷ್ಟೇ ಕೊಟ್ಟಿದೆ. ಬಂದ ಕ್ರಮದಲ್ಲಿಯೇ ಕಾಗದಗಳನ್ನು ನೋಡುವ ಕಚೇರಿಯಲ್ಲಿ, ತುರ್ತಿನ ಕಾಗದವನ್ನು ಗುರುತಿಸಿ ಮೇಲಿಡುವ ಗುಮಾಸ್ತನ ಕೆಲಸವಿದು. ಸಹಿ ಹಾಕುವ ಹೊಣೆ ಅಧಿಕಾರಿಯದೇ.

ಹೀಗೆ ಮೇಲಿಟ್ಟುದರ ಫಲವೇನು? ಹ್ಯೂಸ್ಟನ್ ನಗರದ ನಾಲ್ಕು ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಂತ್ರದ ಸೂಚನೆಯಿಂದಾಗಿ ರೋಗಿ ಬಾಗಿಲಿಗೆ ಬಂದಾಗಿನಿಂದ ಹೆಪ್ಪು ತೆಗೆಯುವ ಕ್ರಿಯೆ ಆರಂಭವಾಗುವವರೆಗಿನ ಅವಧಿ ಸುಮಾರು 11 ನಿಮಿಷ ತಗ್ಗಿತು. ಸೇವರನ ಲೆಕ್ಕದಂತೆ ಇದು ಎರಡು ಕೋಟಿ ನರಕೋಶಗಳ ಉಳಿತಾಯ. ರಕ್ತಸ್ರಾವದ ವಿಷಯದಲ್ಲಿ ಇನ್ನೊಂದು ಆಶಾದಾಯಕ ಸಂಗತಿಯುಂಟು. ಭಾರತವೂ ಸೇರಿದಂತೆ ಹತ್ತು ದೇಶಗಳ 7,000ಕ್ಕೂ ಮಿಕ್ಕ ರೋಗಿಗಳನ್ನೊಳಗೊಂಡು 2023ರಲ್ಲಿ ಪ್ರಕಟವಾದ ‘ಇಂಟರ್ಯಾಕ್ಟ್-3’ ಪ್ರಯೋಗದಲ್ಲಿ, ಮೊದಲ ತಾಸಿನಲ್ಲಿಯೇ ರಕ್ತದ ಒತ್ತಡವನ್ನು 140ರ ಕೆಳಗಿಳಿಸುವುದು, ರಕ್ತದ ಸಕ್ಕರೆಯನ್ನೂ ಜ್ವರವನ್ನೂ ಹತೋಟಿಯಲ್ಲಿಡುವುದು, ರಕ್ತ ತೆಳುಮಾಡುವ ಔಷಧಿಯ ಪ್ರಭಾವವನ್ನು ತೆಗೆಯುವುದು ಎಂಬ ಕ್ರಮಗಳನ್ನು ಒಟ್ಟಾಗಿ ಪಾಲಿಸಿದಾಗ ರೋಗಿಗಳ ಸ್ಥಿತಿ ಸುಧಾರಿಸಿತು. ಇವು ಯಾವುದಕ್ಕೂ ನರಶಸ್ತ್ರವೈದ್ಯನು ಬೇಕಾಗಿಲ್ಲ. ಉಪನಗರದ ಸಾಧಾರಣ ಆಸ್ಪತ್ರೆಯಲ್ಲಿಯೂ ಸಾಧ್ಯ. ಸ್ರಾವವಿದೆಯೆಂದು ಬೇಗ ತಿಳಿಯಬೇಕು, ಅಷ್ಟೆ. ಕಲ್ಯಾಣದಂಥ ಊರಿಗೆ ಯಂತ್ರಬುದ್ಧಿಯ ಬೆಲೆ ಇರುವುದು ಇಲ್ಲಿಯೇ: ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ಮೊದಲೇ, ಅಥವಾ ಸಾಗಿಸಲು ಸಾಧ್ಯವಾಗದಿದ್ದಾಗಲೂ, ಸರಿಯಾದ ಉಪಚಾರ ಮೊದಲಾಗಬಹುದು.

ಕರ್ನಾಟಕದಲ್ಲಿ ಈ ದಿಕ್ಕಿನ ಇತರ ಪ್ರಯತ್ನಗಳೂ ನಡೆದಿವೆ. ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಕೂಡಿ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಯೋಜನೆ, ಜಿಲ್ಲಾಮಟ್ಟದ ವೈದ್ಯರಿಗೆ ತರಬೇತಿ ಕೊಟ್ಟು ಪಾರ್ಶ್ವವಾಯು ಮೊದಲಾದ ವ್ಯಾಧಿಗಳ ಚಿಕಿತ್ಸೆಯನ್ನು ರಾಜಧಾನಿಯ ಹೊರಗೆ ಒಯ್ಯುವ ಉದ್ದೇಶದ್ದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ, ಭೋಪಾಲದ ಏಮ್ಸ್ ಹಾಗೂ ನಿಮ್ಹಾನ್ಸ್ ಸಹಕಾರದಿಂದ ಬಂದ ‘ಸೆರೆಬೋ’ ಎಂಬ ಕೈಯಲ್ಲಿ ಹಿಡಿಯುವ ಸಾಧನವು, ತಲೆಗೆ ಪೆಟ್ಟಾದವರಲ್ಲಿ ಒಳಗಿನ ರಕ್ತಸ್ರಾವದ ಸುಳಿವನ್ನು ಬೆಳಕಿನ ಕಿರಣ ಮತ್ತು ಯಂತ್ರಬುದ್ಧಿಯ ನೆರವಿನಿಂದ ಒಂದು ನಿಮಿಷದೊಳಗೆ ಕೊಡುವುದು. ಇದು ಸಿ.ಟಿ.ಯ ಸ್ಥಾನವನ್ನು ತುಂಬಲಾರದು. ಯಾರನ್ನು ಮೊದಲು ಸಿ.ಟಿ.ಗೆ ಒಯ್ಯಬೇಕೆಂಬುದನ್ನು ಹೇಳಬಲ್ಲದು. ಲೋಕಲ್ ರೈಲಿನ ಹಳಿಗಳ ಇಕ್ಕೆಲದಲ್ಲಿ ಬದುಕುವ ಜನಕ್ಕೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ.

ಇಷ್ಟಾದರೂ ಯಂತ್ರಕ್ಕೆ ಎಂದಿಗೂ ತಿಳಿಯದ ಸಂಗತಿಯೊಂದಿದೆ; ಆಘಾತ ಯಾವಾಗ ಆಯಿತು ಎಂಬುದೇ ಅದು. ನಾಲ್ಕೂವರೆ ತಾಸಿನ ಲೆಕ್ಕ ಹೊರಡುವುದು ರೋಗಿಯನ್ನು ಕೊನೆಯ ಬಾರಿ ಸ್ವಸ್ಥನಾಗಿ ಕಂಡ ಕ್ಷಣದಿಂದ. ರಾತ್ರಿ ಹತ್ತಕ್ಕೆ ಮಲಗಿದವನು ಬೆಳಿಗ್ಗೆ ಆರಕ್ಕೆ ಕೈ ಎತ್ತಲಾರದೆ ಎದ್ದರೆ, ವೈದ್ಯನು ಎಣಿಸುವುದು ಹತ್ತು ಗಂಟೆಯಿಂದ. ಸಾಯದೆ ಉಳಿದ ಭಾಗವನ್ನು ಗಣಕಯಂತ್ರದಿಂದ ಅಳೆದು, ಆರಿಸಿದ ಕೆಲವರಿಗೆ 16 ಅಥವಾ 24 ತಾಸಿನವರೆಗೂ ಹೆಪ್ಪು ತೆಗೆಯಬಹುದೆಂದು 2018ರ ಎರಡು ಪ್ರಯೋಗಗಳು ತೋರಿಸಿರುವುದು ನಿಜ. ಆದರೆ ಆ ಸೌಲಭ್ಯ ದೊಡ್ಡ ಕೇಂದ್ರಗಳಿಗೆ ಸೀಮಿತ. ಉಳಿದೆಡೆ ವೈದ್ಯನ ಮೊದಲ ಪ್ರಶ್ನೆಗೆ ಉತ್ತರ ಬರಬೇಕಾದುದು ಮನೆಯವರ ಬಾಯಿಂದ. ಊರಿನಲ್ಲಿ ಸಂಸಾರವನ್ನು ಬಿಟ್ಟು ಬಂದು, ಹೋಟೆಲಿನ ಅಟ್ಟದ ಮೇಲೆಯೋ ಕಾರ್ಖಾನೆಯ ಕೋಣೆಯಲ್ಲಿಯೋ ಮಲಗುವ ದುಡಿಮೆಗಾರನ ವಿಷಯದಲ್ಲಿ ಆ ಉತ್ತರ ಕೊಡುವವರು ಯಾರು? ಮಾತು ಬಿದ್ದುಹೋದ ರೋಗಿ ತಾನೇ ಹೇಳಲಾರನು. ಜೊತೆಗೆ ಬಂದವನಿಗೆ ಕನ್ನಡ ಅಥವಾ ತುಳು ಮಾತ್ರ ಬಂದು, ಕೇಳುವ ವೈದ್ಯನದು ಮರಾಠಿಯಾದರೆ, ಯಂತ್ರವು ಉಳಿಸಿದ 11 ನಿಮಿಷಗಳು ಆ ಸಂಭಾಷಣೆಯಲ್ಲಿಯೇ ಕರಗಿಹೋಗಬಹುದು. ಎಣ್ಣೆ ತಿಕ್ಕಿ ನೋಡೋಣ, ಬೆಳಗಾಗಲಿ ಎಂದು ಕಾಯುವ ಮನೆಯಲ್ಲಿ ಕಳೆಯುವ ತಾಸುಗಳ ಮುಂದಂತೂ ಆ ನಿಮಿಷಗಳಿಗೆ ಲೆಕ್ಕವೇ ಇಲ್ಲ.

ವೆಪ್‌ಫರನ ಕಾಲದಲ್ಲಿ ರೋಗಿ ಸತ್ತ ಮೇಲೆ ದೊರೆಯುತ್ತಿದ್ದ ಜ್ಞಾನವು ಹೌನ್ಸ್‌ಫೀಲ್ಡನ ಯಂತ್ರದಿಂದ ಬದುಕಿರುವಾಗಲೇ ದೊರೆಯಿತು. ಮುಂಬಯಿಯ ಸಂಶೋಧಕರ ಯಂತ್ರದಿಂದ ಅದು ನಿಮಿಷಗಳಲ್ಲಿ ದೊರೆಯುವಂತಾಯಿತು. ಈ ಸರಪಳಿಯಲ್ಲಿ ಯಂತ್ರಬುದ್ಧಿಯದು ಚಿತ್ರಕ್ಕೂ ವೈದ್ಯನಿಗೂ ನಡುವಿನ ಕೊಂಡಿ. ಅದಕ್ಕಿಂತ ಹಿಂದಿನ ಕೊಂಡಿ ಮನೆಯದು ಮತ್ತು ನೆರೆಹೊರೆಯದು: ಮುಖ ಸೊಟ್ಟಗಾದುದನ್ನು, ಕೈ ಜೋತುಬಿದ್ದುದನ್ನು, ಮಾತು ತೊದಲಿದುದನ್ನು ಆ ಕ್ಷಣದಲ್ಲಿಯೇ ಗುರುತಿಸುವುದು, ಗಡಿಯಾರವನ್ನು ನೋಡಿ ಹೊತ್ತನ್ನು ಬರೆದಿಡುವುದು, ಸಿ.ಟಿ. ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯುವುದು. ಈ ಉಪನಗರಗಳ ಕನ್ನಡ ಸಂಘಗಳು ಈ ಮೂರು ಮಾತುಗಳನ್ನು ತಮ್ಮ ಜನರಿಗೆ ತಮ್ಮ ಭಾಷೆಯಲ್ಲಿ ಮುಟ್ಟಿಸಿದರೆ, ಅದು ಯಾವ ಯಂತ್ರದ ಕೆಲಸಕ್ಕೂ ಕಡಿಮೆಯಾದುದಲ್ಲ.